ಹಾಸುಬಂಡೆಯ ಸಂಡಿಗೆ ಕಾಳಗ

ಕೃತಯುಗದಲ್ಲಿ ದೇವದಾನವರು ಕಾದಿದರು, ತ್ರೇತೆಯಲ್ಲಿ ವಾನರರಾಕ್ಷಸರು ಕಾದಿದರು, ದ್ವಾಪರದಲ್ಲಿ ದಾಯಾದಿಗಳು ಕಾದಿದರು. ಕಲಿಯುಗದ ಐದು ಸಾವಿರದ ಚಿಲ್ಲರೆ ಸಂವತ್ಸರಗಳು ಸಂದು, ಮಾವಿನ ಮಿಡಿ ಉಪ್ಪಿನಕಾಯಿಗೆ ಹದವಾಗಿದ್ದ ಫಾಲ್ಗುಣ ಮಾಸದಲ್ಲಿ, ತೊರೆಬಾಗಿಲೆಂಬ ಪಟ್ಟಣದ ಕೋಟೆ ಬೀದಿಯ ತುದಿಯಲ್ಲಿ, ನಿವೃತ್ತ ಸಮಾಜ ಮೇಷ್ಟ್ರಾದ ಎಸ್. ಬಿ. ಮರುಳಯ್ಯನವರು ಕಾದಿದರು. ಹೇ ಸಹಸ್ರಕಿರಣನೇ, ತಿಮಿರಕುಲಾಂತಕನೇ, ಹಪ್ಪಳಸಂಡಿಗೆಮೆಣಸಿನಕಾಯಿಶೋಷಣಧುರಂಧರನೇ! ಆ ಕಾಳಗವನ್ನು ಆದಿಯಿಂದ ಅಂತ್ಯದವರೆಗೆ ಮೇಲಿನಿಂದ ಕಂಡವನು ನೀನೊಬ್ಬನೇ. ಅದಕ್ಕೆ ಕಾರಣನೂ ನೀನೇ, ಏಕೆಂದರೆ ಊರಿನಲ್ಲಿ ಎಲ್ಲೆಲ್ಲೂ ಬೀಳುವ ನೀನು ಒಂದೇ ಒಂದು ಬಂಡೆಯ ಮೇಲೆ ಮಾತ್ರ ಸರಿಯಾಗಿ ಬೀಳುತ್ತಿದ್ದೆ. ಆದಕಾರಣ ಈ ಕಥೆ ಮುಗಿಯುವವರೆಗೆ ಮೋಡದ ಮರೆಗೆ ಹೋಗದೆ ಸ್ವಲ್ಪ ನಿಲ್ಲು.

ತೊರೆಬಾಗಿಲನ್ನು ಸಾಮಾನ್ಯ ಊರೆಂದು ತಿಳಿಯಬಾರದು. ಅಲ್ಲಿ ಕೋಟೆಯಿಲ್ಲದ ಕೋಟೆ ಬೀದಿಯಿದೆ, ಕೆರೆಯಿಲ್ಲದ ಕೆರೆ ಏರಿಯಿದೆ, ಬಸ್ಸು ನಿಲ್ಲದ ಬಸ್ ನಿಲ್ದಾಣವಿದೆ. ಬಸ್ಸುಗಳು ಅನಾದಿಕಾಲದಿಂದಲೂ ನಿಲ್ದಾಣದಿಂದ ನೂರು ಮಾರು ಮುಂದೆ, ಬಜ್ಜಿ ಅಂಗಡಿಯ ಎದುರು ನಿಲ್ಲುತ್ತವೆ. ಇದು ಮರುಳಯ್ಯನವರ ಮೈ ಉರಿಸುತ್ತಿದ್ದ ಸಂಗತಿಗಳಲ್ಲಿ ಮೂರನೆಯದು. ಎರಡನೆಯದು, ದೇವಸ್ಥಾನದ ಕಲ್ಲುಕಂಬಗಳಿಗೆ ಪ್ರತಿ ವರ್ಷ ಯಾರೋ ಪುಣ್ಯಾತ್ಮರು ಬಳಿಸುತ್ತಿದ್ದ ನೀಲಿ ಆಯಿಲ್ ಪೇಂಟು. ಆ ಬಣ್ಣ ಒಣಗುವವರೆಗೂ ಅವರು ದೇವರಿಗೆ ಬೀದಿಯಿಂದಲೇ ಕೈಮುಗಿಯುತ್ತಿದ್ದರು. ಮೊದಲನೆಯದು ಯಾವುದೆಂದು ತಿಳಿಯಬೇಕಾದರೆ ಕೋಟೆ ಬೀದಿಯ ತುದಿಗೆ ಹೋಗಬೇಕು.

ಅಲ್ಲಿ ನೆಲಕ್ಕೆ ಅಂಟಿಕೊಂಡು ಮಲಗಿದೆ, ಅಂಗಳದಷ್ಟು ಅಗಲವಾದ, ಕರಿಯ, ನುಣುಪಾದ ಒಂದು ಹಾಸುಬಂಡೆ. ಅದರ ನಟ್ಟನಡುವೆ ಒಂಬತ್ತು ಸಾಲಿನ ಹಳಗನ್ನಡದ ಶಾಸನವಿದೆ. ಚತುಸ್ತ್ರಿಂಶದ್ವರ್ಷಪರ್ಯಂತ ಸೀಮೆಸುಣ್ಣಧೂಳಿಧೂಸರಿತವಿಗ್ರಹರೂ, ಭೂತಗನ್ನಡಿಧಾರಿಗಳೂ, ಪರರ ತಪ್ಪನ್ನು ಕೆಂಪು ಶಾಯಿಯಿಂದ ಸುತ್ತುವುದರಲ್ಲಿ ಅಸಮಾನರೂ ಆದ ಮರುಳಯ್ಯನವರು ನೌಕರಿಗೆ ಸೇರಿದ ಎರಡನೆಯ ವರ್ಷವೇ ಆ ಶಾಸನದ ಮೇಲಿನ ನಾಲ್ಕು ಸಾಲುಗಳನ್ನು ಓದಿದ್ದರು. ಸ್ವಸ್ತಿಶ್ರೀಯಿಂದ ತೊಡಗಿದ ಆ ಸಾಲುಗಳಲ್ಲಿ ತೊರೆಬಾಗಿಲ ಬಾಚೆಯನಾಯಕನೆಂಬವನ ಹೆಸರಿತ್ತು, ಅವನ ಬಿರುದುಗಳಿದ್ದವು, ನಾಲ್ಕನೆಯ ಸಾಲಿನ ಕೊನೆಗೆ "ಊರ ಮುಂದಣ ಕಾಳೆಗದೊಳ್" ಎಂದಿತ್ತು. ಊರ ಮುಂದಿನ ಕಾಳಗದಲ್ಲಿ! ಐದನೆಯ ಸಾಲಿನಿಂದ ಕೆಳಗೆ ಹುಲ್ಲಿನ ಬಣವೆ. ಬಂಡೆಯ ಪಕ್ಕದ ಮನೆಯವರ ಬಣವೆ ಅದು. ಕಾಳಗದಲ್ಲಿ ಏನಾಯಿತೆಂಬುದು ಆ ಹುಲ್ಲಿನಡಿಯಲ್ಲಿ ಮಲಗಿಬಿಟ್ಟಿತು.

ಆದರೆ ಮೇಷ್ಟ್ರಾದವರಿಗೆ ಪಾಠವನ್ನು ನಾಲ್ಕನೆಯ ಸಾಲಿಗೆ ನಿಲ್ಲಿಸಲಾಗುತ್ತದೆಯೆ? ಆ ವರ್ಷದ ಹತ್ತನೆಯ ತರಗತಿಯ ಮಕ್ಕಳಿಗೆ ಅವರು ಬಾಚೆಯನಾಯಕನ ಕಥೆ ಹೇಳಿದರು. ಮುನ್ನೂರು ಶತ್ರುಗಳು ಊರನ್ನು ಮುತ್ತಿದರು, ನಾಯಕ ಒಬ್ಬನೇ ಎದುರು ನಿಂತ, ಇದೇ ಬಂಡೆಯ ಮೇಲೆ ಮಡಿದ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮುಂದಿನ ವರ್ಷ ಶತ್ರುಗಳು ಎಂಟುನೂರಾದರು. ಅದರ ಮುಂದಿನ ವರ್ಷ ಕುದುರೆಗಳು ಬಂದವು. ಹೀಗೆ ಪ್ರತಿ ಜೂನ್ ತಿಂಗಳಲ್ಲೂ ಸೇನೆ ಬೆಳೆದು ಬೆಳೆದು, ಅವರು ಹಾರ ಹಾಕಿಸಿಕೊಂಡು ನಿವೃತ್ತರಾಗುವ ಹೊತ್ತಿಗೆ ಗಜತುರಗಪದಾತಿಸಮೇತ ಹನ್ನೆರಡು ಸಾವಿರ ದಾಟಿತ್ತು. ನಾಯಕ ಸತ್ತಾಗ ಅವನ ಆನೆ ಮೂರು ದಿನ ಮೇವು ಮುಟ್ಟಲಿಲ್ಲವೆಂದು ಉತ್ತರ ಪತ್ರಿಕೆಯಲ್ಲಿ ಬರೆದವರಿಗೆ ಅವರು ಒಂದು ಅಂಕ ಹೆಚ್ಚಿಗೆ ಕೊಟ್ಟದ್ದೂ ಉಂಟು.

ಈಗ ಶಾಲೆಗೆ ನೂರು ತುಂಬುತ್ತಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಮುಂದೆ "ಬಾಚೆಯನಾಯಕ ಮಹಾದ್ವಾರ" ಕಟ್ಟಿಸಿದ್ದರು. ಮರುಳಯ್ಯನವರು ಬರೆದ ಊರಿನ ಚರಿತ್ರೆ ಭಾನುವಾರದ ಶತಮಾನೋತ್ಸವದಲ್ಲಿ ಬಿಡುಗಡೆಯಾಗಬೇಕಿತ್ತು. ಪುಸ್ತಕವೆಲ್ಲ ಅಚ್ಚಾಗಿ ಬಾಚೆಯನಾಯಕನ ಕೊನೆಯ ಅಧ್ಯಾಯವೊಂದೇ ಬಾಕಿಯಿತ್ತು, ಪ್ರೆಸ್ಸಿನವರು ಶುಕ್ರವಾರದ ಗಡುವು ಕೊಟ್ಟಿದ್ದರು. ಬಾಯಲ್ಲಿ ಹೇಳಿದ ಸೇನೆಯನ್ನು ಅಚ್ಚಿನಲ್ಲಿ ನಿಲ್ಲಿಸಬೇಕಾದರೆ ಆಧಾರ ಬೇಕು. ಮರುಳಯ್ಯನವರು ಸುಳ್ಳುಗಾರರಲ್ಲ. ಓದದೆ ಉಳಿದ ಆ ಐದು ಸಾಲುಗಳಲ್ಲಿ ಯಾವುದೋ ಒಂದು ಸೇನೆ ಇದ್ದೇ ಇರುತ್ತದೆಂದು ನಂಬಿ ಮೂವತ್ತೆರಡು ವರ್ಷ ಪಾಠ ಹೇಳಿದವರು ಅವರು. ಆದರೂ ಈಚೆಗೆ ಅವರನ್ನು ಒಂದು ಹೆದರಿಕೆ ಹಿಡಿದಿತ್ತು. ಸೇನೆ ಇಲ್ಲದೇ ಹೋದರೆ? ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

ಬಣವೆಯೇನೋ ಎರಡು ವರ್ಷದ ಹಿಂದೆ ಹೋಯಿತು. ಪಕ್ಕದ ಮನೆಯವರು ಕೊನೆಯ ಹಸುವನ್ನೂ ಮಾರಿದರು, ಹುಲ್ಲು ಹೋಯಿತು, ಬಂಡೆ ಬೆಳಕಿಗೆ ಬಂತು. ಬಂದ ಮರುದಿನವೇ ಅದರ ಮೇಲೆ ಚೆನ್ನಾಜಮ್ಮನವರ ಧ್ವಜ ಹಾರಿತು. ಧ್ವಜವೆಂದರೆ ಕಾಗೆ ಬೆದರಿಸಲು ಕೋಲಿಗೆ ಕಟ್ಟಿದ ಕರಿಯ ಪ್ಲಾಸ್ಟಿಕ್ ಕವರು.

ಸೌಟುಪಾಣಿಯೂ, ಕಾಕಕುಲಭಯಂಕರಿಯೂ, ಏಕಸಪ್ತತಿವರ್ಷಪ್ರಾಯದಲ್ಲೂ ಬಗ್ಗಿದ ಸೊಂಟದಲ್ಲೇ ಅರ್ಧ ಊರಿಗೆ ಸಂಡಿಗೆ ಇಕ್ಕಬಲ್ಲವರೂ ಆದ ಈ ಚೆನ್ನಾಜಮ್ಮನವರೇ ಆ ಪಕ್ಕದ ಮನೆಯವರು. ಬಂಡೆ ಬಯಲಾದ ಮೇಲೆ ಅವರ ಆಳ್ವಿಕೆಯಲ್ಲಿ ಕಾರ್ತಿಕದಲ್ಲಿ ರಾಗಿ, ಪುಷ್ಯದಲ್ಲಿ ಅವರೆ, ಮಾಘದಲ್ಲಿ ಹುಣಿಸೆಹಣ್ಣು, ಫಾಲ್ಗುಣ ಬಂತೆಂದರೆ ಸಂಡಿಗೆ. ಮಳೆಗಾಲದಲ್ಲಿ ಮಾತ್ರ ಬಂಡೆ ಖಾಲಿ, ಆಗ ಅದರ ಮೇಲೆ ಪಾಚಿ. ಕೋಟೆ ಬೀದಿಯ ಮನೆಮನೆಯವರೂ ಹಿಟ್ಟು ತಂದು ಅವರ ಒಲೆಯ ಮೇಲೇ ಕಾಯಿಸಿ, ಅಲ್ಲೇ ಬಟ್ಟೆ ಹಾಸಿ, ಮನೆಗೆ ಇಷ್ಟಿಷ್ಟು ಸಾಲಿನಂತೆ ಸಂಡಿಗೆ ಇಕ್ಕುವುದು ವಾಡಿಕೆಯಾಯಿತು. ಯಾರ ಸಾಲು ಯಾರದೆಂದು ತಿಳಿಯಲು ಒಬ್ಬರು ಬಳೆಚೂರು ಇಡುತ್ತಿದ್ದರು, ಒಬ್ಬರು ಮಾವಿನೆಲೆ, ಒಬ್ಬರು ಬಟ್ಟೆಗೆ ಹಾಕುವ ಕ್ಲಿಪ್ಪು. ಬೆಳಗ್ಗೆ ಏಳಕ್ಕೆ ಇಕ್ಕಿದರೆ ಸಂಜೆ ನಾಲ್ಕಕ್ಕೆ ಬಟ್ಟೆ ಬಿಟ್ಟು ಏಳುವಷ್ಟು ಕಾಯುವ ಬಂಡೆ ಸುತ್ತ ಹತ್ತೂರಿನಲ್ಲಿ ಇನ್ನೊಂದಿರಲಿಲ್ಲ.

ಮರುಳಯ್ಯನವರಿಗೂ ಬೇಕಾಗಿದ್ದುದು ಅದೇ ಬೆಳಗಿನ ಏಳು ಗಂಟೆ. ಸವೆದ ಅಕ್ಷರಗಳು ಕಣ್ಣಿಗೆ ಬೀಳಬೇಕಾದರೆ ಬಿಸಿಲು ಓರೆಯಾಗಿ ಬಿದ್ದು ಗೀರುಗಳಲ್ಲಿ ನೆರಳು ಕಟ್ಟಬೇಕು. ಮಧ್ಯಾಹ್ನದ ನೆತ್ತಿಯ ಬಿಸಿಲಿಗೆ ಅಕ್ಷರ ಅಳಿಸಿ ಹೋದಂತೆ ಕಾಣುತ್ತದೆ. ಸಂಜೆಯ ಓರೆ ಬಿಸಿಲಿಗೆ ಪಡುವಣದಲ್ಲಿ ನೀರಿನ ಟ್ಯಾಂಕು ಅಡ್ಡ. ಹೀಗೆ ವಿಧಿ ಇಬ್ಬರನ್ನೂ ಒಂದೇ ಕಲ್ಲಿನ ಮೇಲೆ, ಒಂದೇ ಗಳಿಗೆಗೆ ತಂದು ನಿಲ್ಲಿಸಿತ್ತು.

ಬುಧವಾರ ಬೆಳಗ್ಗೆ ಮರುಳಯ್ಯನವರು ಸಂಧಾನಕ್ಕೆ ಹೋದರು. ಆಗಲೇ ಬಟ್ಟೆ ಹಾಸಿ ಆಗಿತ್ತು, ಅರ್ಧ ಸಂಡಿಗೆ ಇಕ್ಕಿ ಆಗಿತ್ತು. ಅವರು ಗಂಟಲು ಸರಿಮಾಡಿಕೊಂಡು, ಶಾಲಾ ವಾರ್ಷಿಕೋತ್ಸವದಲ್ಲಿ ಮಾತನಾಡುತ್ತಿದ್ದ ಧ್ವನಿಯಲ್ಲಿ ಆರಂಭಿಸಿದರು:

"ಚೆನ್ನಾಜಮ್ಮನವರೇ, ಚಿತ್ತವಿಟ್ಟು ಕೇಳಬೇಕು. ತಾವು ಯಾವುದರ ಮೇಲೆ ಹಿಟ್ಟು ಹುಯ್ಯುತ್ತಿದ್ದೀರೋ ಅದು ಬರಿಯ ಬಂಡೆಯಲ್ಲ. ನಮ್ಮ ಪೂರ್ವಿಕರ ಕೀರ್ತಿ ಅಲ್ಲಿ ಕೆತ್ತಲ್ಪಟ್ಟಿದೆ. ಈ ನೆಲಕ್ಕಾಗಿ ನೆತ್ತರು ಹರಿಸಿದ ಮಹಾವೀರನೊಬ್ಬನ ಕೊನೆಯ ಮಾತು ತಮ್ಮ ಹಳೆಯ ಸೀರೆಯ ಅಡಿಯಲ್ಲಿ ಉಸಿರುಕಟ್ಟಿ ನರಳುತ್ತಿದೆ!"

ಚೆನ್ನಾಜಮ್ಮ ತಲೆ ಎತ್ತಲಿಲ್ಲ. ಸೌಟಿನಿಂದ ಒಂದು ಸಂಡಿಗೆ ಇಳಿಸಿ, ಅದರ ಪಕ್ಕ ಇನ್ನೊಂದು ಇಳಿಸಿ, ಆಮೇಲೆ ಹೇಳಿದರು:

"ಬಂಡೆ ಅಲ್ದೆ ಇನ್ನೇನು ಮೇಷ್ಟ್ರೇ, ದಿಂಬಾ? ನಮ್ಮತ್ತೆ ಕಾಲ್ದಲ್ಲಿ, ಬಣವೆ ಒಟ್ಟೋಕ್ ಮುಂಚೆ, ಇಲ್ಲೇ ಒಣಗಿಸ್ತಿದ್ರಂತೆ. ಅವರತ್ತೆನೂ ಒಣಗಿಸ್ತಿದ್ರಂತೆ. ನಿಮ್ಮಕ್ಷರ ಏನ್ ಓಡೋಗ್ತೈತಾ? ಬಿಸ್ಲು ಓಡೋಗ್ತೈತೆ. ಸ್ವಲ್ಪ ಆ ಕಡೆ ನಿಂತ್ಕಳಿ, ನಿಮ್ ನೆರಳು ಬೀಳ್ತೈತೆ."

ವೀರರು ಆ ಕಡೆ ನಿಂತುಕೊಂಡರು. ಅಲ್ಲಿಂದಲೇ ಒಪ್ಪಂದದ ಪ್ರಸ್ತಾಪವಿಟ್ಟರು. ಅಕ್ಷರವಿರುವ ನಡುಭಾಗ ಒಂದೇ ಒಂದು ದಿನ ತಮಗೆ, ಉಳಿದ ಬಂಡೆ ಆಚಂದ್ರಾರ್ಕವಾಗಿ ಸಂಡಿಗೆಗೆ.

"ನಡೂಮಧ್ಯನೇ ಸಮ ಇರೋದು ಮೇಷ್ಟ್ರೇ. ಅಂಚಲ್ಲೆಲ್ಲ ಇಳಿಜಾರು, ಹಿಟ್ಟು ಹರಿದೋಗ್ತೈತೆ. ಮಳೆಗಾಲ್ದಲ್ಲಿ ಬನ್ನಿ, ಪೂರ್ತಿ ನಿಮಗೇ ಬಿಡ್ತೀನಿ."

ಸಂಧಾನ ಮುರಿಯಿತು. ಮನೆಗೆ ಬಂದ ಮರುಳಯ್ಯನವರು ಚಪ್ಪಲಿಯನ್ನೂ ಬಿಡದೆ ಹೆಂಡತಿ ಸರ್ವಮಂಗಳಮ್ಮನವರನ್ನು ಕರೆದು, ದೌತ್ಯಕ್ಕೆ ಹೊರಡಬೇಕೆಂದು ಅಪ್ಪಣೆ ಮಾಡಿದರು. ಹೆಂಗಸರ ಮಾತನ್ನು ಹೆಂಗಸರು ಕೇಳುತ್ತಾರೆಂಬುದು ಅವರ ಲೆಕ್ಕಾಚಾರ.

ಸರ್ವಮಂಗಳಮ್ಮ ಒಗ್ಗರಣೆ ಸೌಟನ್ನು ಕೆಳಗಿಟ್ಟರು. "ನಾನು ಹೋಗಿ ಚೆನ್ನಾಜಕ್ಕಂಗೆ ಸಂಡಿಗೆ ತೆಗೀರಿ ಅನ್ಲಾ? ಅದರಲ್ಲಿ ನಾಲ್ಕು ಸಾಲು ನಮ್ದೇ ರೀ."

"ನಮ್ಮದೆ?"

"ಕ್ಲಿಪ್ಪು ಇಟ್ಟಿರೋದು ನಮ್ದು. ಎರಡು ವರ್ಷದಿಂದ ಸಾರಿನ ಜೊತೆ ಕರಕರ ಅಂತ ತಿಂತಿದ್ದೀರಲ್ಲ, ಅದೇನು ಆಕಾಶದಿಂದ ಉದುರ್ತಿತ್ತು ಅಂದ್ಕೊಂಡ್ರಾ?"

ಮನೆಯೊಳಗೇ ಶತ್ರುಪಕ್ಷವಿದ್ದ ಸಂಗತಿ ತಿಳಿದ ಆ ಕ್ಷಣದಲ್ಲಿ ಮಹಾನುಭಾವರ ಮುಖ ಸಣ್ಣದಾಯಿತು. ಅವರು ಮಧ್ಯಾಹ್ನ ಊಟಕ್ಕೆ ಕುಳಿತರು. ತಟ್ಟೆಯ ಅಂಚಿನಲ್ಲಿ ಎಂದಿನಂತೆ ಎರಡು ಸಂಡಿಗೆಗಳಿದ್ದವು. ಅವನ್ನು ಮುಟ್ಟಬಾರದೆಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದರು. ಮಜ್ಜಿಗೆ ಅನ್ನ ಬರುವವರೆಗೂ ಆ ಪ್ರತಿಜ್ಞೆ ನಿಂತಿತ್ತು.

ಗುರುವಾರ. ಕೋಳಿ ಕೂಗುವ ಮೊದಲೇ ಎದ್ದು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಟವೆಲ್ಲನ್ನು ಕಿರೀಟದಂತೆ ಸುತ್ತಿ, ಬಗಲುಚೀಲದಲ್ಲಿ ತೆಂಗಿನ ನಾರಿನ ಕುಂಚ, ಭೂತಗನ್ನಡಿ, ನೋಟ್‌ಬುಕ್ಕು, ಎರಡು ಪೆನ್ಸಿಲು, ಹೆಗಲಿಗೆ ಬಾಗಿದ ಹಿಡಿಯ ಕೊಡೆ, ಕೈಯಲ್ಲಿ ಐದು ಲೀಟರಿನ ನೀರಿನ ಕ್ಯಾನು, ಇಷ್ಟೂ ಆಯುಧಗಳನ್ನು ಧರಿಸಿ, ಬೆಲ್ಲೊಂದನ್ನು ಬಿಟ್ಟು ಸರ್ವಾಂಗದಿಂದಲೂ ಸದ್ದು ಮಾಡುತ್ತಿದ್ದ ತಮ್ಮ ಸೈಕಲ್ಲನ್ನೇರಿ ಮರುಳಯ್ಯನವರು ಹೊರಟರು. ಬೀದಿಯ ನಾಯಿಗಳು ಎದ್ದು ನಿಂತು ನೋಡಿ, ಮೇಷ್ಟ್ರೇ ಎಂದು ಖಚಿತವಾದ ಮೇಲೆ ಮತ್ತೆ ಮಲಗಿದವು. ಹಾಲಿನವನೊಬ್ಬ "ಯಾವೂರಿಗೆ ಸಾರ್?" ಎಂದು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ಯುದ್ಧಕ್ಕೆ ಹೊರಟವರನ್ನು ಹಿಂದಿನಿಂದ ಕೂಗಿ ಎಲ್ಲಿಗೆಂದು ಕೇಳುವವರ ಮೇಲೂ ಅವರಿಗೆ ಬಹಳ ವರ್ಷಗಳಿಂದ ಸಿಟ್ಟಿತ್ತು.

ಬಂಡೆಯ ಬಳಿ ಚೆನ್ನಾಜಮ್ಮ ಆಗಲೇ ಇದ್ದರು. ಎರಡು ದೊಡ್ಡ ಪಾತ್ರೆ ತುಂಬ ಸಂಡಿಗೆ ಹಿಟ್ಟು ಹಬೆಯಾಡುತ್ತಿತ್ತು, ಜೀರಿಗೆ ಮತ್ತು ಹಸಿಮೆಣಸಿನ ವಾಸನೆ ಗಾಳಿಯಲ್ಲಿತ್ತು. ಆದರೆ ಬಟ್ಟೆ ಇನ್ನೂ ಹಾಸಿರಲಿಲ್ಲ. ಮರುಳಯ್ಯನವರು ಸೈಕಲ್ಲನ್ನು ಬೇಲಿಗೆ ಒರಗಿಸಿ, ನೀರಿನ ಕ್ಯಾನನ್ನು ಬಂಡೆಯ ಅಂಚಿನಲ್ಲಿಟ್ಟು, ಚಪ್ಪಲಿ ಕಳಚಿ, ಸರಸರನೆ ನಡೆದು ಹೋಗಿ ಶಾಸನದ ಐದನೆಯ ಸಾಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು.

"ಚೆನ್ನಾಜಮ್ಮನವರೇ! ಸೂರ್ಯಚಂದ್ರರು ದಿಕ್ಕು ತಪ್ಪಲಿ, ನೀರಿನ ಟ್ಯಾಂಕು ನೆಲಕ್ಕೊರಗಲಿ, ಪ್ರೆಸ್ಸಿನವರೇ ಬಂದು ಕಾಲು ಹಿಡಿಯಲಿ! ಈ ಒಂಬತ್ತು ಸಾಲುಗಳನ್ನು ಓದಿ ಮುಗಿಸದ ಹೊರತು ಈ ಮರುಳಯ್ಯ ಇಲ್ಲಿಂದ ಮೇಲೇಳುವುದಿಲ್ಲ. ತಾಕತ್ತಿದ್ದರೆ ಎಬ್ಬಿಸಿ!"

"ಕೂತ್ಕಳಿ," ಎಂದರು ಚೆನ್ನಾಜಮ್ಮ.

ಆಮೇಲೆ ಅವರು ಮಾಡಿದ್ದು ಯಾವ ಯುದ್ಧಶಾಸ್ತ್ರದಲ್ಲೂ ಇಲ್ಲ. ಒಂದು ಹಳೆಯ ಸೀರೆಯನ್ನು ಮೇಷ್ಟ್ರ ಎಡಕ್ಕೆ ಹಾಸಿದರು. ಒಂದು ಪಂಚೆಯನ್ನು ಬಲಕ್ಕೆ ಹಾಸಿದರು. ಹಿಂದೊಂದು, ಮುಂದೊಂದು. ಮೂಲೆಗಳಿಗೆ ಕಲ್ಲು ಹೇರಿದರು. ಬಳಿಕ ಒಂದು ಪಾತ್ರೆಯನ್ನು ಮೇಷ್ಟ್ರ ಮಗ್ಗುಲಿಗೇ ಎಳೆದುಕೊಂಡು, ಬಗ್ಗಿದ ಸೊಂಟವನ್ನು ಇನ್ನಷ್ಟು ಬಗ್ಗಿಸಿ, ಸಂಡಿಗೆಯ ಪಕ್ಕ ಸಂಡಿಗೆ, ಸಾಲಿನ ಪಕ್ಕ ಸಾಲು, ಒಂದೂ ಡೊಂಕಿಲ್ಲದಂತೆ, ಒಂದೂ ಇನ್ನೊಂದಕ್ಕೆ ತಾಗದಂತೆ ಇಳಿಸುತ್ತ ಬಂದರು. ಕಾಲು ಗಂಟೆ ಕಳೆಯುವುದರೊಳಗೆ ಇಬ್ಬರು ಮಲಗುವಷ್ಟು ಜಾಗವನ್ನು ನಡುವೆ ಬಿಟ್ಟು ಅವರ ಸುತ್ತ ನಾಲ್ಕೂ ದಿಕ್ಕಿಗೆ ಬಿಳಿಯ ಚಕ್ರವ್ಯೂಹ ಏರ್ಪಟ್ಟಿತ್ತು. ಒಳಗೆ ಬಂದ ದಾರಿ ಮುಚ್ಚಿಹೋಯಿತು. ಅನ್ನವನ್ನು ತುಳಿದು ಹೊರಗೆ ಹೋಗುವಷ್ಟು ಕೆಟ್ಟ ಮನೆತನದಲ್ಲಿ ಮರುಳಯ್ಯನವರು ಹುಟ್ಟಿರಲಿಲ್ಲ.

"ಸಾಯಂಕಾಲ ನಾಲ್ಕಕ್ಕೆ ಎತ್ತೋದು," ಎಂದರು ಚೆನ್ನಾಜಮ್ಮ. "ಬಾಯಾರಿದ್ರೆ ಹೇಳಿ."

ಆದರೆ ವೀರರ ಎದೆ ಹಿಗ್ಗಿತು. ಸೆರೆಯಾದರೇನು, ಶಾಸನ ಪೂರ್ತಿ ತಮ್ಮ ಸೆರೆಮನೆಯ ಒಳಗೇ ಇತ್ತಲ್ಲ! ಪಕ್ಕಕ್ಕೆ ಸರಿದು ಬಗ್ಗಿ ನೋಡಿದರು. ಬಿಸಿಲು ಓರೆಯಾಗಿ ಬೀಳತೊಡಗಿತ್ತು. ಆದರೆ ಅಕ್ಷರಗಳ ತುಂಬ ಬಣವೆಯ ಕಾಲದ ಮಣ್ಣು. ಕುಂಚದಿಂದ ಉಜ್ಜಿದರು. ಮಣ್ಣೇನೋ ಎದ್ದಿತು, ಆದರೂ ಕರಿಯ ಕಲ್ಲಿನಲ್ಲಿ ಕರಿಯ ಗೀರು ಕಾಣಿಸದು. ತೊಳೆಯಬೇಕು. ನೀರಿನ ಕ್ಯಾನು ವ್ಯೂಹದ ಹೊರಗೆ, ಒಂದು ಮಾರು ದೂರದಲ್ಲಿತ್ತು.

ಆಗ ಮರುಳಯ್ಯನವರು ಕೊಡೆಯನ್ನು ತಲೆಕೆಳಗಾಗಿ ಹಿಡಿದು, ಮೊಣಕಾಲೂರಿ, ತೋಳನ್ನು ತೋಳಿನ ಅಳತೆ ಮೀರಿ ಚಾಚಿ, ಅದರ ಬಾಗಿದ ಹಿಡಿಯನ್ನು ಕ್ಯಾನಿನ ಕಿವಿಗೆ ಗುರಿಯಿಟ್ಟರು. ಕನ್ನಡಕ ಮೂಗಿನ ತುದಿಗೆ ಜಾರಿತು. ಬೆವರು ಕಣ್ಣಿಗಿಳಿಯಿತು. ಹಿಡಿ ಏನನ್ನೋ ಕಚ್ಚಿಕೊಂಡಿತು. ಜಯವೆಂದು ಬಲವಾಗಿ ಎಳೆದರು. ಎಳೆದದ್ದು ನೀರಿನ ಕ್ಯಾನಲ್ಲ, ಸಂಡಿಗೆ ಹಿಟ್ಟಿನ ಪಾತ್ರೆ.

ಅರ್ಧ ಪಾತ್ರೆ ಹಿಟ್ಟು ಭುಗಭುಗನೆ ಒಂಬತ್ತು ಸಾಲುಗಳ ಮೇಲೂ ಹರಿಯಿತು. ಉಗುರುಬೆಚ್ಚಗಿನ ಹಿಟ್ಟು ಪಾದಕ್ಕೆ ತಾಗುತ್ತಲೇ, ಅದು ಕುದಿಯುತ್ತಿದೆಯೆಂದೇ ಭ್ರಮಿಸಿದ ಮರುಳಯ್ಯನವರು ಅರವತ್ತಾರರ ಪ್ರಾಯವನ್ನು ಮರೆತು ಜಿಂಕೆಯಂತೆ ನೆಗೆದರು. ಇಳಿದದ್ದು ಬಲಗಡೆಯ ಪಂಚೆಯ ಮೇಲೆ. ನಾಲ್ಕು ಸಾಲು ಸಂಡಿಗೆ ಅವರ ಪಾದದಡಿ ಪಿಚಕ್ಕೆಂದವು. ಬಗ್ಗಿ ನೋಡಿದರೆ ಸಾಲಿನ ತುದಿಯಲ್ಲಿ ಒಂದು ಕ್ಲಿಪ್ಪಿತ್ತು.

ಅಷ್ಟರಲ್ಲಿ, ಗಂಡ ಕಾಫಿ ಕುಡಿಯದೆ ಹೋಗಿದ್ದಾರೆಂದು ಫ್ಲಾಸ್ಕು ಹಿಡಿದುಕೊಂಡು ಬಂದ ಸರ್ವಮಂಗಳಮ್ಮ ಬಂಡೆಯ ಅಂಚಿನಲ್ಲಿ ನಿಂತಿದ್ದರು. ಅವರು ಕ್ಲಿಪ್ಪನ್ನು ನೋಡಿದರು, ಗಂಡನ ಪಾದವನ್ನು ನೋಡಿದರು. ಫ್ಲಾಸ್ಕನ್ನು ಟಕ್ಕೆಂದು ಕಲ್ಲಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತೆಂದು ಮರುಳಯ್ಯನವರಿಗೆ ಅನ್ನಿಸಿತು.

"ಅಯ್ಯಯ್ಯೋ, ಎರಡು ಸೇರು ಅಕ್ಕಿದು!" ಎಂದು ಚೆನ್ನಾಜಮ್ಮ ಮೇಷ್ಟ್ರು ತುಳಿದ ಸಾಲಿನ ಮೇಲಿಂದಲೇ ಓಡಿಬಂದರು. ಹರಿದ ಹಿಟ್ಟನ್ನು ಎರಡು ಕೈಯಲ್ಲೂ ಬಾಚಿದರು. ಬಾಚಲಾಗದ್ದನ್ನು ಒದ್ದೆಬಟ್ಟೆಯಿಂದ ಒರೆಸಿದರು. ಒರೆಸುತ್ತ ಒರೆಸುತ್ತ ಅವರ ಕೈ ನಿಧಾನವಾಯಿತು. "ಮೇಷ್ಟ್ರೇ, ಇಲ್ನೋಡಿ."

ಬಂಡೆಯ ಮೈ ಒರೆಸಿದಂತೆ ಕಪ್ಪಾಗುತ್ತಿತ್ತು. ಗೀರುಗಳೊಳಗಿನ ಹಿಟ್ಟು ಮಾತ್ರ ಅಲ್ಲೇ ಉಳಿದಿತ್ತು. ಕರಿಯ ಹಲಗೆಯ ಮೇಲೆ ಯಾರೋ ಆಗ ತಾನೇ ಸೀಮೆಸುಣ್ಣದಲ್ಲಿ ಬರೆದಂತೆ ಒಂಬತ್ತು ಸಾಲುಗಳೂ ಬೆಳ್ಳಗೆ ಎದ್ದು ಕೂತಿದ್ದವು. ಒಂದು ಒತ್ತಕ್ಷರವೂ ಮಸುಕಾಗಿರಲಿಲ್ಲ.

ಮರುಳಯ್ಯನವರಿಗೆ ಕಾಲಿನ ಹಿಟ್ಟು ಮರೆತುಹೋಯಿತು. ಮಂಡಿಯೂರಿ ಕುಳಿತು, ಭೂತಗನ್ನಡಿಯ ಅಗತ್ಯವೂ ಇಲ್ಲದೆ, "ಊರ ಮುಂದಣ ಕಾಳೆಗದೊಳ್" ಎಂಬಲ್ಲಿ ಮೂವತ್ತು ವರ್ಷಗಳಿಗೂ ಹಿಂದೆ ನಿಲ್ಲಿಸಿದ್ದ ಬೆರಳನ್ನು ಮುಂದಕ್ಕೆ ನಡೆಸಿದರು:

"ಊರ ಪೆಣ್ಡಿರ್ ನೆಲ್ಲನೊಣಗಿಸುವೆಡೆಗೆ ತಮ್ಮೊಳ್ ಕಾದೆ ಕಣ್ಡು, ನಿಲಿಸಲಾಱದೆ, ಈ ಹಾಸಱೆಯನವರ್ಗೆ ಬಿಟ್ಟಂ. ಅಡ್ಡಂಬಂದವಂ ಕಾಗೆಯಾಗಿ ಪುಟ್ಟುಗುಂ."

ಒಮ್ಮೆ ಓದಿದರು, ಎರಡನೆಯ ಸಲ ಓದಿದರು. ಊರಿನ ಹೆಂಗಸರು ಭತ್ತ ಒಣಗಿಸುವ ಜಾಗಕ್ಕಾಗಿ ತಮ್ಮತಮ್ಮೊಳಗೆ ಜಗಳವಾಡುವುದನ್ನು ಕಂಡು, ನಿಲ್ಲಿಸಲಾರದೆ, ಬಾಚೆಯನಾಯಕನು ಈ ಹಾಸುಬಂಡೆಯನ್ನು ಅವರಿಗೇ ಬಿಟ್ಟನು. ಅಡ್ಡ ಬಂದವನು ಕಾಗೆಯಾಗಿ ಹುಟ್ಟುವನು. ಅಷ್ಟೇ. ಶತ್ರುವಿಲ್ಲ, ಕುದುರೆಯಿಲ್ಲ, ಸಾವಿಲ್ಲ. ಮೇವು ಮುಟ್ಟದ ಆನೆ ಎಲ್ಲೂ ಇಲ್ಲ.

"ಏನ್ ಬರ್ದೈತೆ ಮೇಷ್ಟ್ರೇ?" ಎಂದು ಚೆನ್ನಾಜಮ್ಮ ಕೇಳಿದರು.

ಓದುಗರೇ, ಈ ಕಾಳಗದಲ್ಲಿ ನಿಜವಾದ ಕಾಳಗವೆಂದರೆ ಈಗ ನಡೆದದ್ದು. ತೊರೆಬಾಗಿಲಿನಲ್ಲಿ ಆ ಲಿಪಿಯನ್ನು ಓದಬಲ್ಲವರು ಒಬ್ಬರೇ. ಆ ಒಬ್ಬರ ಬಾಯಿಂದ ಹನ್ನೆರಡು ಸಾವಿರ ಎಂದು ಬಂದರೆ ಹನ್ನೆರಡು ಸಾವಿರ, ಆನೆ ಎಂದರೆ ಆನೆ. ಹಿಟ್ಟು ಒಣಗಿ ಉದುರಿದರೆ ಸಾಕ್ಷಿಯೂ ಇಲ್ಲ. ಎದುರಿಗೆ ಮಹಾದ್ವಾರವಿತ್ತು, ಪುಸ್ತಕವಿತ್ತು, ಎಷ್ಟೋ ತರಗತಿಗಳ ಮಕ್ಕಳು ನಂಬಿದ ಮಾತಿತ್ತು. ಮರುಳಯ್ಯನವರ ನಾಲಿಗೆಯ ತುದಿಗೆ ಬಂದ ಸೇನೆ ಅಲ್ಲೇ ನಿಂತಿತು. ಇಲ್ಲದ ಯುದ್ಧಕ್ಕೆ ತಾವು ಪೂರ್ಣಾಂಕ ಕೊಟ್ಟ ಉತ್ತರ ಪತ್ರಿಕೆಗಳ ಕಟ್ಟುಕಟ್ಟೇ ಕಣ್ಣಮುಂದೆ ಬಂದು ಅವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಕೆಂಪು ಶಾಯಿಯಲ್ಲಿ ಊರಿನ ಮಕ್ಕಳ ತಪ್ಪನ್ನೆಲ್ಲ ಸುತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು, ಒಂದಕ್ಷರವನ್ನೂ ಬಿಡದೆ, ಇದ್ದದ್ದನ್ನು ಆಡುಮಾತಿನಲ್ಲಿ ಬಿಡಿಸಿ ಹೇಳಿದರು.

ಚೆನ್ನಾಜಮ್ಮ ಒದ್ದೆಬಟ್ಟೆಯನ್ನು ಹಿಂಡಿದರು. "ಅಂದ್ರೆ ನಾಯ್ಕರು ಬಂಡೆನ ನಮಗೇ ಬಿಟ್ಟವ್ರೆ?"

"ಹೌದು."

"ಯಾರೂ ಅಡ್ಡ ಬರಂಗಿಲ್ಲ?"

"ಬಂದರೆ ಮುಂದಿನ ಜನ್ಮದಲ್ಲಿ ಕಾಗೆ."

"ಆಗ್ಲಾದ್ರೂ ಈ ಕಡೆ ಬರ್ಬೇಡಿ ಮೇಷ್ಟ್ರೇ," ಎಂದರು ಚೆನ್ನಾಜಮ್ಮ, ನಿಜವಾದ ಕಳಕಳಿಯಿಂದ. "ಇರೋ ಕಾಗೆಗಳ್ನೇ ಓಡಿಸೋಕಾಗ್ತಿಲ್ಲ."

ಸರ್ವಮಂಗಳಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಗಂಡನ ಕೈಗೆ ಕೊಟ್ಟರು. "ಜಗಳ ಬಿಡಿಸೋಕಾಗದೆ ಬಂಡೆ ಬಿಟ್ಟು ಹೋದೋರನ್ನ ಹನ್ನೆರಡು ಸಾವಿರ ಜನದೆದುರಿಗೆ ನಿಲ್ಲಿಸಿದ್ರಲ್ಲ ರೀ. ಪಾಪ." ಬಳಿಕ ಸೌಟನ್ನು ಕೈಗಿತ್ತರು. "ಕಾಫಿ ಕುಡಿದು ಆ ನಾಲ್ಕು ಸಾಲು ನೀವೇ ಇಕ್ಕಿ."

ಆ ದಿನ ಮಧ್ಯಾಹ್ನದವರೆಗೆ ಮರುಳಯ್ಯನವರು ಬಂಡೆಯ ಮೇಲಿದ್ದರು. ಮೊದಲ ಸಂಡಿಗೆ ದಪ್ಪವಾಯಿತು, ಒಣಗುವುದಿಲ್ಲವೆಂದು ಚೆನ್ನಾಜಮ್ಮ ತೆಗೆಸಿದರು. ಎರಡನೆಯದು ತೆಳ್ಳಗಾಯಿತು, ಎಣ್ಣೆಗೆ ಹಾಕಿದರೆ ಸೀಯುತ್ತದೆಂದು ಅದನ್ನೂ ತೆಗೆಸಿದರು. ಮೂರನೆಯ ಸಾಲಿಗೆ ಬರುವಾಗ ಕೈ ಸ್ವಲ್ಪ ಹದಕ್ಕೆ ಬಂತು. ರಾತ್ರಿಗೆ ಅವರು ಬರೆದ ಕೊನೆಯ ಅಧ್ಯಾಯ ಇಪ್ಪತ್ತು ಪುಟದ ಬದಲು ಮುಕ್ಕಾಲು ಪುಟವಾಯಿತು.

ಶತಮಾನೋತ್ಸವದ ಭಾನುವಾರ ಶಾಲೆಯ ಮೈದಾನದಲ್ಲಿ ಶಾಮಿಯಾನ ತುಂಬಿತ್ತು. ಮಹಾದ್ವಾರದಡಿ ನಡೆದು ಬರುವಾಗ ಮರುಳಯ್ಯನವರು ತಲೆ ಎತ್ತಲಿಲ್ಲ. ಮೈಕಿನ ಮುಂದೆ ನಿಂತು ಭಾಷಣದ ಕಾಗದ ಬಿಡಿಸಿದರು. ಅವರು ಪೀಠಿಕೆ ಹಾಕಲಿಲ್ಲ, ಬಿರುದುಬಾವಲಿ ಬಳಸಲಿಲ್ಲ. "ಮಕ್ಕಳೇ, ನಾನು ನಿಮಗೆ ಹೇಳಿದ ಯುದ್ಧ ನಡೆಯಲೇ ಇಲ್ಲ. ನಾನೇ ಕಟ್ಟಿ ಹೇಳಿದ್ದು. ತಪ್ಪಾಯಿತು," ಎಂದರು. ಶಾಸನದಲ್ಲಿದ್ದುದನ್ನು ಓದಿದರು. ಓದಿ, ಕಣ್ಣು ಮುಚ್ಚಿ ನಿಂತರು.

ಬಳಿಕ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಇಪ್ಪತ್ತು ವರ್ಷದ ಹಿಂದೆ ಹತ್ತನೇ ತರಗತಿ ಮುಗಿಸಿ, ಈಗ ಊರಿನ ಅಂಚೆ ಕಚೇರಿಯಲ್ಲಿರುವ ಗಂಗಾಂಬಿಕೆ.

"ಸಾರ್, ಹಂಗಾದ್ರೆ ಆ ಬಂಡೆ ಕೋಟೆ ಬೀದಿಯೋರಿಗೆ ಮಾತ್ರನಾ, ಇಡೀ ಊರಿಗಾ?"

ಮರುಳಯ್ಯನವರು ಕಣ್ಣು ಬಿಟ್ಟರು. ಕಾಗದವನ್ನು ಮತ್ತೊಮ್ಮೆ ನೋಡಿದರು. "ಊರ ಹೆಂಗಸರಿಗೆ ಎಂದಿದೆಯಮ್ಮ."

"ಹಂಗಾದ್ರೆ ಸೋಮವಾರ ನಮ್ಮನೇದು ಬರ್ಕೊಳಿ ಸಾರ್. ನಮ್ಮ ತಾರಸಿಗೆ ಬಿಸಿಲೇ ಬರಲ್ಲ."

ಮರುಳಯ್ಯನವರು ಭಾಷಣದ ಕಾಗದದ ಹಿಂಬದಿಯಲ್ಲಿ ಸೋಮವಾರ, ಗಂಗಾಂಬಿಕೆ ಎಂದು ಬರೆದುಕೊಂಡರು. ಬರೆಯುವಷ್ಟರಲ್ಲಿ ಸೋಮವಾರ ನಮಗೆ ಬೇಕೆಂದು ಪೇಟೆ ಬೀದಿಯವರು ಎದ್ದರು. ನಾವು ನಿನ್ನೆಯೇ ಅಕ್ಕಿ ನೆನೆಹಾಕಿದ್ದೇವೆಂದು ಕೆರೆ ಏರಿಯವರು ಎದ್ದರು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಚೆನ್ನಾಜಮ್ಮ ಎದ್ದು ತಿರುಗಿ, ಸೋಮವಾರ ಯಾರಿಗೆ ಸಿಗುತ್ತದೋ ನೋಡೇಬಿಡುತ್ತೇನೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕುರ್ಚಿಗಳು ಉರುಳಿದವು.

"ನಿಲ್ಲಿಸಿ! ದಯವಿಟ್ಟು ನಿಲ್ಲಿಸಿ!" ಎಂದು ಮರುಳಯ್ಯನವರು ಮೈಕಿನಲ್ಲಿ ಕೂಗಿದರು. ಮೂರು ಸಲ ಕೂಗಿದರು. ಯಾರ ಕಿವಿಗೂ ಬೀಳಲಿಲ್ಲ. ಅವರು ಪೆನ್ನಿನ ಕ್ಯಾಪು ಹಾಕಿ, ಪಟ್ಟಿಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ವೇದಿಕೆಯ ಹಿಂದಿನ ಮೆಟ್ಟಿಲಿನಿಂದ ಇಳಿದು ಊಟಕ್ಕೆ ಮನೆಗೆ ಹೋದರು.